ಹದಿನೇಳನೇ ಸಾಲು

ಪಾಲಾಕ್ಷ ಹತ್ತು ದಿನ ರಜೆ ಹಾಕಿ ಹೇಮಾವತಿ ದಂಡೆಯ ಆಶ್ರಮಕ್ಕೆ ಬಂದ. ಕೈಕಾಲು ತೊಳೆದು ಗುರುಗಳ ಎದುರು ಕೂತವನೇ ಆಫೀಸಿನ ಮೇಲೆ ದೂರು ಹೇಳಲು ಶುರುಮಾಡಿದ.

ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅವನದು ಹನ್ನೊಂದು ವರ್ಷದ ಕೆಲಸ. ಆರು ಜನರ ತಂಡಕ್ಕೆ ಅವನೇ ಲೀಡ್.

"ಮಾಡುವವರು ಆರು ಜನ ಗುರುಗಳೇ. ಎಲ್ಲಿಗೆ ಬಂತು ಅಂತ ಕೇಳುವವರು ಒಂಬತ್ತು ಜನ. ಬೆಳಿಗ್ಗೆ ಒಂದು ಮೀಟಿಂಗ್. ಅದರಲ್ಲಿ ಏನು ಹೇಳಬೇಕು ಅಂತ ತೀರ್ಮಾನಿಸೋಕೆ ಅದಕ್ಕೂ ಮುಂಚೆ ಇನ್ನೊಂದು ಮೀಟಿಂಗ್. ಕೆಲಸ ಯಾವಾಗ ಮಾಡೋದು?"

ಗುರು ಶಾಂತವೀರಯ್ಯನವರು ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡರು.

"ಮೇಲಿನವರಿಗೆ ತಾರೀಖು ಮಾತ್ರ ಬೇಕು. ಆಗಲ್ಲ ಅಂದರೆ ನಿನಗೆ ಉತ್ಸಾಹ ಇಲ್ಲ ಅಂತಾರೆ. ಆಗತ್ತೆ ಅಂದರೆ ಇನ್ನೂ ಎರಡು ದಿನ ಮುಂಚೆ ಕೊಡು ಅಂತಾರೆ."

"ನೀನು ಹೇಳುತ್ತಿರುವುದೆಲ್ಲ ನಿಜವೇ ಇರಬೇಕು" ಎಂದರು ಗುರುಗಳು.

ಪಾಲಾಕ್ಷನಿಗೆ ಕೊಂಚ ನಿರಾಸೆಯಾಯಿತು. ತಾಳ್ಮೆಯಿಂದಿರು ಎಂದು ಅವರು ಬುದ್ಧಿ ಹೇಳಿದರೆ ಏನು ಉತ್ತರ ಕೊಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ.

ಮರುದಿನವೂ ಅದೇ ಮಾತು. ಗುರುಗಳು ಮರುದಿನವೂ ಒಪ್ಪಿಕೊಂಡರು.

ಮೂರನೇ ದಿನ, ಬುಧವಾರ, ಹೇಳಲು ಇದ್ದುದೆಲ್ಲ ಮುಗಿದ ಮೇಲೆ ಹೇಳಬಾರದೆಂದುಕೊಂಡಿದ್ದ ಸಂಗತಿ ಹೊರಬಂತು.

ಖಾಸಗಿ ಬಸ್ಸಿನವರಿಗೆ ಟಿಕೆಟ್ ಕಾಯ್ದಿರಿಸುವ ಆ್ಯಪ್ ಮಾಡಿಕೊಡುವುದು ಅವನ ತಂಡದ ಕೆಲಸ. ಹಿಂದಿನ ವಾರ ಶುಕ್ರವಾರ, ಹೊಸ ಬದಲಾವಣೆಗಳನ್ನು ಸಂಜೆಯೊಳಗೆ ಜನರ ಬಳಕೆಗೆ ಬಿಡಲೇಬೇಕೆಂದು ಮ್ಯಾನೇಜರ್ ಹಟ ಹಿಡಿದ. ಟೆಸ್ಟಿಂಗ್ ಅರ್ಧವೂ ಆಗಿರಲಿಲ್ಲ.

ತಂಡದಲ್ಲಿ ಸಂಜೋತಾ ಎಂಬ ಗದಗಿನ ಹುಡುಗಿ ಇದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷ. "ಟೆಸ್ಟಿಂಗ್ ಪೂರ್ತಿ ಆಗಿಲ್ರೀ ಸರ್. ಹಂಗ ಬಿಡೂದೇನು?" ಎಂದು ಅವಳು ಬಂದು ಕೇಳಿದಳು.

"ಬಿಡು. ಸೋಮವಾರ ನೋಡಿಕೊಳ್ಳೋಣ" ಎಂದಿದ್ದ ಪಾಲಾಕ್ಷ.

ಶನಿವಾರ ಒಂದೇ ಸೀಟು ಇಬ್ಬಿಬ್ಬರ ಹೆಸರಿಗೆ ಹೋಯಿತು. ಮದುವೆಗೆ, ಪರೀಕ್ಷೆಗೆ, ಆಸ್ಪತ್ರೆಗೆ ಹೊರಟವರು ಬ್ಯಾಗು ಹಿಡಿದು ಬಸ್ ನಿಲ್ದಾಣದಲ್ಲೇ ಉಳಿದರು.

ಭಾನುವಾರವೇ ಎಲ್ಲರನ್ನೂ ಕರೆಸಿದರು. "ಬಿಟ್ಟಿದ್ದು ಯಾರು?" ಎಂದು ಮ್ಯಾನೇಜರ್ ಕೇಳಿದ. ಕಂಪ್ಯೂಟರ್ ಸಂಜೋತಾಳ ಹೆಸರು ತೋರಿಸಿತು. ಅವಳು ಪಾಲಾಕ್ಷನ ಕಡೆ ನೋಡಿದಳು.

"ಆಗ ನೀನೇನು ಮಾಡುತ್ತಿದ್ದೆ?" ಎಂದರು ಗುರುಗಳು.

"ಲ್ಯಾಪ್‌ಟಾಪ್ ನೋಡುತ್ತಿದ್ದೆ."

"ಅದರಲ್ಲಿ ಏನಿತ್ತು?"

"ಏನೂ ಇರಲಿಲ್ಲ ಗುರುಗಳೇ. ಆನ್ ಮಾಡಿರಲಿಲ್ಲ."

"ಆ ಹುಡುಗಿ ಈಗ ಎಲ್ಲಿದ್ದಾಳೆ?"

"ಕೆಲಸಕ್ಕೆ ಬರಬೇಡ ಅಂದಿದ್ದಾರೆ. ಇಟ್ಟುಕೊಳ್ಳುವುದೋ ಬೇಡವೋ ಅಂತ ಬರುವ ಸೋಮವಾರ ತೀರ್ಮಾನ."

ಇನ್ನೇನು ಬೈಯುತ್ತಾರೆಂದು ಪಾಲಾಕ್ಷ ತಲೆ ತಗ್ಗಿಸಿ ಕಾದ. ಗುರುಗಳು ಬೈಯಲಿಲ್ಲ. ಅವತ್ತಿನ ಅವರೆಕಾಯಿ ಸಿಪ್ಪೆಯನ್ನೆಲ್ಲ ಮೊರಕ್ಕೆ ಹಾಕಿ ಎದ್ದರು.

"ತೋಟಕ್ಕೆ ನೀರು ಬಿಡಬೇಕು, ಬಾ."

ಕಾಲುವೆಯ ಬಾಯಿಗಿದ್ದ ಹಲಗೆಯನ್ನು ತೋರಿಸಿದರು. "ಇದನ್ನು ಎತ್ತಿದರೆ ನೀರು ಬರುತ್ತೆ. ಕೊನೆಯ ಪಾತಿ ತುಂಬಿದ ತಕ್ಷಣ ಇಳಿಸಿಬಿಡು."

ಪಾಲಾಕ್ಷ ಹಲಗೆ ಎತ್ತಿದ. ಪಾತಿ ತುಂಬಲು ಇನ್ನೂ ಸಮಯವಿತ್ತು. ಫೋನಿಗೆ ಸಿಗ್ನಲ್ ಸಿಗುವುದು ರಸ್ತೆಯ ಹತ್ತಿರ ಮಾತ್ರ, ಅಲ್ಲಿಗೆ ಹೋದ. ಹಳೆಯ ಸಹೋದ್ಯೋಗಿಯೊಬ್ಬ ಫೋನಿನಲ್ಲಿ ಸಿಕ್ಕಿದ. ಇಬ್ಬರೂ ಸೇರಿ ತಮ್ಮ ತಮ್ಮ ಮ್ಯಾನೇಜರುಗಳನ್ನು ಮನಸಾರೆ ಬೈದರು. ಮಾತು ಮುಗಿಯುವ ಹೊತ್ತಿಗೆ ಊಟದ ಗಂಟೆ ಕೇಳಿಸಿತು. ಅವನು ನೇರ ಊಟಕ್ಕೆ ನಡೆದ.

ಮರುದಿನ ಬೆಳಿಗ್ಗೆ ಪಕ್ಕದ ಹೊಲದ ಬೋರೇಗೌಡರು ಅಂಗಳಕ್ಕೆ ಬಂದರು. ಕೈಯಲ್ಲಿ ಒಂದು ಹಿಡಿ ಮೆಣಸಿನ ಸಸಿ, ಬುಡದವರೆಗೂ ಕೆಸರು.

"ಸಸಿಮಡಿ ಪೂರ್ತಿ ಕೊಚ್ಚಿಕೊಂಡು ಹೋಗಿದೆ. ಯಾರು ಸ್ವಾಮಿ ನೀರು ಬಿಟ್ಟೋರು?"

ಪಾಲಾಕ್ಷ ಕಂಬದ ಹತ್ತಿರ ನಿಂತಿದ್ದ.

"ನನ್ನಿಂದ ಆಯಿತು ಗೌಡರೇ" ಎಂದರು ಗುರುಗಳು. "ಕೆಲಸ ಹೇಳಿದವನು ನಾನು. ಆಯಿತೋ ಇಲ್ಲವೋ ಅಂತ ನೋಡದೆ ಬಿಟ್ಟವನೂ ನಾನು."

ಎಪ್ಪತ್ತೆರಡು ವರ್ಷದ ಮನುಷ್ಯ ಪಂಚೆ ಮೇಲೆತ್ತಿ ಕಟ್ಟಿ, ಗುದ್ದಲಿ ಹೆಗಲಿಗೇರಿಸಿ ಗೌಡರ ಹೊಲಕ್ಕೆ ನಡೆದರು. ಪಾಲಾಕ್ಷನೂ ಹಿಂದೆಯೇ ಹೋದ.

ಮೂವರೂ ಮಣ್ಣು ಒಡೆದು ಹೊಸ ಮಡಿ ಮಾಡಿದರು. ಬದುಕುವಂತಿದ್ದ ಸಸಿಗಳನ್ನು ಕೆಸರಿನಿಂದ ಒಂದೊಂದಾಗಿ ಆರಿಸಿ ನೆಟ್ಟರು. ಬಿಸಿಲು ಏರಿತು. ಗುರುಗಳು ಆಗಾಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು, ಮತ್ತೆ ಬಗ್ಗುತ್ತಿದ್ದರು.

ನಾಲ್ಕನೇ ಸಾರಿ ಅವರು ಹಾಗೆ ನಿಂತಾಗ ಪಾಲಾಕ್ಷನಿಗೆ ತಡೆಯಲಾಗಲಿಲ್ಲ.

"ಗೌಡರೇ, ಹಲಗೆ ಇಳಿಸಬೇಕಾಗಿದ್ದವನು ನಾನು. ಫೋನಿನಲ್ಲಿ ಮಾತಾಡುತ್ತ ಮರೆತೆ."

ಗೌಡರು ತಲೆ ಎತ್ತಲಿಲ್ಲ. "ಗೊತ್ತು ಬಿಡಿ ಸಾರ್. ನಲವತ್ತು ವರ್ಷದಿಂದ ಗುರುಗಳು ನೀರು ಕಟ್ಟುತ್ತಿದ್ದಾರೆ. ಒಂದು ದಿನವೂ ನನ್ನ ಹೊಲಕ್ಕೆ ಹನಿ ಬಂದಿಲ್ಲ." ಇನ್ನೊಂದು ಸಸಿ ನೆಟ್ಟು, "ಆ ಗೊಬ್ಬರದ ಬುಟ್ಟಿ ಇತ್ತ ತನ್ನಿ" ಎಂದರು.

ಪಾಲಾಕ್ಷ ಬುಟ್ಟಿ ತಂದ. ಅವನ ಕಣ್ಣು ಒದ್ದೆಯಾಗಿತ್ತು. ಮನಸ್ಸು ಮಾತ್ರ ಎಷ್ಟೋ ದಿನದ ಮೇಲೆ ಹಗುರವಾಗಿತ್ತು.

ಮಧ್ಯಾಹ್ನ ಅವನು ಆಶ್ರಮದ ಜಗಲಿಯಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತ. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಕೊನೆಗೆ ಗುರುಗಳ ಹತ್ತಿರ ತಂದ.

"ಆಫೀಸಿಗೆ ಮೇಲ್ ಕಳಿಸುತ್ತೇನೆ ಗುರುಗಳೇ. ಒಮ್ಮೆ ಕೇಳಿಸಿಕೊಳ್ಳುತ್ತೀರಾ?"

"ಕನ್ನಡದಲ್ಲಿ ಹೇಳು."

ಪಾಲಾಕ್ಷ ಓದಿದ. ಕೆಲಸದ ಒತ್ತಡದಿಂದ ಶುರುವಾಗಿತ್ತು. ಜನರ ಕೊರತೆ, ಲೆಕ್ಕವಿಲ್ಲದ ಮೀಟಿಂಗ್, ಕೊನೆ ಗಳಿಗೆಯಲ್ಲಿ ಬದಲಾದ ತಾರೀಖು, ಮ್ಯಾನೇಜರನ ಹಟ, ಎಲ್ಲವೂ ಬಂತು. ಆಮೇಲೆ, ಟೆಸ್ಟಿಂಗ್ ಮುಗಿಯದೆ ಬಿಡು ಎಂದು ಸಂಜೋತಾಳಿಗೆ ಹೇಳಿದವನು ನಾನೇ ಎಂಬ ಮಾತು.

"ಅದು ಎಷ್ಟನೇ ಸಾಲು?"

ಪಾಲಾಕ್ಷ ಬೆರಳಿಟ್ಟು ಎಣಿಸಿದ. "ಹದಿನೇಳನೆಯದು."

"ಅಲ್ಲಿಂದ ಶುರುಮಾಡು."

"ಮೇಲಿನ ಹದಿನಾರು ಸಾಲು ಸುಳ್ಳಲ್ಲ ಗುರುಗಳೇ!"

"ಸುಳ್ಳು ಅಂತ ನಾನು ಯಾವತ್ತು ಹೇಳಿದೆ? ಅದನ್ನೂ ಕಳಿಸಲೇಬೇಕು. ಇನ್ನೊಂದು ಕಾಗದದಲ್ಲಿ ಬರೆ."

ಪಾಲಾಕ್ಷ ಹದಿನಾರು ಸಾಲಿನ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡ. ಉಳಿದದ್ದು ನಾಲ್ಕು ಸಾಲು. ಅದನ್ನೇ ನೋಡುತ್ತ ನಿಂತ.

"ಭಯ ಆಗುತ್ತಿದೆ."

"ಆಗುತ್ತೆ."

"ನನ್ನನ್ನೇ ತೆಗೆದುಹಾಕಬಹುದು. ಮನೆಯಲ್ಲಿ ಹೆಂಡತಿ ಇದ್ದಾಳೆ, ಶಾಲೆಗೆ ಹೋಗುವ ಮಗಳಿದ್ದಾಳೆ."

"ನಿಮ್ಮ ಮನೆಯವರಿಗೆ ಮೊದಲು ಹೇಳು. ಆಮೇಲೆ ಕಳಿಸು. ನಾನೂ ರಸ್ತೆಯವರೆಗೆ ಬರುತ್ತೇನೆ."

ಇಬ್ಬರೂ ರಸ್ತೆಗೆ ಹೋದರು. ಪಾಲಾಕ್ಷ ಹೆಂಡತಿಗೆ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ಏನು ಬಂತೋ, ಅವನು ಎರಡು ಸಲ "ಹೂಂ" ಎಂದು ಫೋನಿಟ್ಟ. ನಾಲ್ಕು ಸಾಲನ್ನು ಮ್ಯಾನೇಜರಿಗೂ ಅವನ ಮೇಲಿನವರಿಗೂ ತಂಡದ ಎಲ್ಲರಿಗೂ ಕಳಿಸಿದ. ಗುರುಗಳು ಅಷ್ಟು ಹೊತ್ತೂ ಮೈಲಿಗಲ್ಲಿನ ಮೇಲೆ ಕೂತಿದ್ದರು.

ಶುಕ್ರವಾರ ಎರಡನೇ ಕಾಗದ ಬರೆದ. ಬೈಗುಳವಿಲ್ಲದೆ, ಏನು ಬದಲಾಗಬೇಕೆಂದು ಬಿಡಿಸಿ ಬರೆದ. ಅದೂ ಹೋಯಿತು.

ಸೋಮವಾರ ಮಧ್ಯಾಹ್ನ ರಸ್ತೆಯ ಹತ್ತಿರ ನಿಂತಿದ್ದಾಗ ಫೋನ್ ಬಂತು. ಸಂಜೋತಾಳದು. "ಮತ್ತ ಕೆಲಸಕ್ಕ ಬಾ ಅಂದಾರ್ರೀ ಸರ್" ಎಂದಳು. ಅಳುತ್ತಿದ್ದಳು. "ನಾನು ಅವತ್ತೇ ಹೇಳಬೇಕಿತ್ತಮ್ಮಾ, ಕ್ಷಮಿಸು" ಎಂದ ಪಾಲಾಕ್ಷ.

ಸಂಜೆ ಮ್ಯಾನೇಜರನ ಮೇಲ್ ಬಂತು. ಎರಡನೇ ಕಾಗದದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಪಾಲಾಕ್ಷನನ್ನು ಲೀಡ್ ಕೆಲಸದಿಂದ ಇಳಿಸಿ ಬೇರೆ ತಂಡಕ್ಕೆ ಹಾಕಿದ್ದರು.

ಗುರುಗಳು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಪಾಲಾಕ್ಷ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತು ವಿಷಯ ಹೇಳಿದ.

"ಹುಡುಗಿಯ ಕೆಲಸ ಉಳಿಯಿತು, ಅಷ್ಟು ಸಾಕು. ಆದರೂ ಹನ್ನೊಂದು ವರ್ಷ ದುಡಿದು ಆ ಜಾಗಕ್ಕೆ ಬಂದಿದ್ದೆ. ಇನ್ನು ನನ್ನ ಕೈಕೆಳಗೆ ಯಾರೂ ಇರುವುದಿಲ್ಲ ಗುರುಗಳೇ."

ಗುರುಗಳು ಸರಿದು ಅವನಿಗೆ ಜಾಗ ಮಾಡಿದರು.

"ಪಕ್ಕದಲ್ಲಿ ಯಾರಾದರೂ ಕೂತಿರುತ್ತಾರಲ್ಲಪ್ಪಾ."