ಬೋರಲಿಂಗ ಗಾಡಿ ತಂದಿದ್ದು

ಕೂತ್ಕೊಳ್ಳಿ, ಹೇಳ್ತೀನಿ. ನಡುವೆ ಯಾರೂ ಬಾಯಿ ಹಾಕಬಾರದು. ನಗು ಬಂದ್ರೆ ತಡ್ಕೊಳ್ಳಿ, ಎಲ್ಲಿ ನಗಬೇಕು ಅನ್ನೋದನ್ನ ನಾನೇ ಹೇಳ್ತೀನಿ.

ಮಾರಗೊಂಡನಹಳ್ಳೀಲಿ ದೇವೀರಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಬೋರಲಿಂಗ. ಇಪ್ಪತ್ನಾಲ್ಕು ವರ್ಷ, ಆಳು ಬಾಗಿಲೆತ್ತರ. ತೆಂಗಿನಕಾಯಿ ಸುಲಿಯೋಕೆ ನಿಂತ್ರೆ ಸುತ್ತ ನಾಲ್ಕೂರಲ್ಲಿ ಅವನ ಸಮ ಇಲ್ಲ. ಆದ್ರೆ ಹೇಳಿದ್ದನ್ನ ಹೇಳಿದಷ್ಟೇ ಮಾಡೋನು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ. ಯಾರದೋ ಗಾಡಿ ಇಸ್ಕೊಂಡು ಲೈಸೆನ್ಸ್ ಮಾಡಿಸೋಕೆ ಹೋದಾಗ ಸಾಹೇಬ್ರು "ಎಂಟರ ಆಕಾರದಲ್ಲಿ ಗಾಡಿ ಸುತ್ತಿಸಪ್ಪ" ಅಂದ್ರು. ಸುತ್ತಿಸಿದ. ನಿಲ್ಲಿಸು ಅನ್ನೋದನ್ನ ಸಾಹೇಬ್ರು ಮರೆತ್ರು. ಊಟ ಮಾಡಿ, ಎಲೆಅಡಿಕೆ ಹಾಕ್ಕೊಂಡು ಬಂದು ನೋಡ್ತಾರೆ, ಇನ್ನೂ ಎಂಟು ಸುತ್ತುತಾನೇ ಇದಾನೆ! "ಸಾಕು ಮಾರಾಯ, ತಗೊಂಡ್ಹೋಗು ನಿನ್ನ ಲೈಸೆನ್ಸು" ಅಂತ ಕೈಮುಗಿದು ಕೊಟ್ಟು ಕಳಿಸಿದ್ರು.

ದೇವೀರಮ್ಮ ಕಲ್ಲುಕೋಟೆ ಶಾಲೇಲಿ ಬಿಸಿಯೂಟದ ಅಡುಗೆಯವಳು. ಆರು ಕಿಲೋಮೀಟರ್ ದಾರಿ. ಬೆಳಗಿನ ಬಸ್ಸು ನಿಂತುಹೋಗಿ ಮೂರು ತಿಂಗಳಾಗಿತ್ತು. ಮಂಡಿನೋವಿನ ಹೆಂಗಸು, ಕಾಲೆಳ್ಕೊಂಡು ನಡೆದು ಹೋಗೋಷ್ಟರಲ್ಲಿ ಮಕ್ಕಳಿಗೆ ಹಾಲು ಕೊಡೋ ಹೊತ್ತು ಮೀರಿ ಹೋಗಿರೋದು. ಶಾಲೆಯ ದೊಡ್ಡ ಮೇಡಂ ಕೆಟ್ಟೋರೇನಲ್ಲ. ಆದ್ರೆ ಅವರೂ ಎಷ್ಟು ದಿನ ಅಂತ ಸುಮ್ಮನಿದ್ದಾರು? "ದೇವೀರಮ್ಮ, ಬರೋ ಗುರುವಾರದಿಂದ ಒಂಬತ್ತೂವರೆಗೆಲ್ಲ ಒಲೆ ಹತ್ತಿರಬೇಕು. ಇಲ್ಲಾಂದ್ರೆ ಬೇರೆಯೋರನ್ನ ನೋಡ್ಕೋಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಅಂದ್ಬಿಟ್ರು.

ದೇವೀರಮ್ಮ ಮನೆಗೆ ಬಂದವಳೇ ಎಮ್ಮೆ ಮಾರಿದ್ಳು. ಕರು ಸಮೇತ ಮಾರಿದ್ಳು. ಮಗನ್ನ ಕೂರಿಸ್ಕೊಂಡು ಹೇಳಿದ್ಳು.

"ಲೇ ಬೋರ, ಪೇಟೇಲಿ ಬಸ್‌ಸ್ಟ್ಯಾಂಡ್ ಹತ್ರ ಎದುರುಬದುರು ಎರಡು ಶೋರೂಮ್ ಅವೆ. ಒಂದರಲ್ಲಿ ಕೆಂಪು ಗಾಡಿ, ಇನ್ನೊಂದರಲ್ಲಿ ಕರೀ ಗಾಡಿ. ಎರಡೂ ನಮ್ಮಂಥೋರ ಕೈಗೆಟುಕೋವೇ. ದಿನಾ ಬೆಳಿಗ್ಗೆ ನೀನು ನನ್ನ ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗೋದು. ತಪ್ಪು ಗಾಡಿ ತಂದ್ರೆ ಮತ್ತೆ ಮಾರೋಕೆ ಎಮ್ಮೆ ಇಲ್ಲ, ತಿಳೀತಾ? ಹೋಗು, ಎರಡನ್ನೂ ಚೆನ್ನಾಗಿ ನೋಡ್ಕೊಂಡು ಬಾ."

"ಹೂಂ ಅವ್ವ" ಅಂದ ಬೋರಲಿಂಗ. ಅವ್ವ ಹೇಳಿದ ಮೇಲೆ ಮುಗೀತು.

ಹೋದ. ಎರಡೂ ಶೋರೂಮಿನ ನಡುವೆ ರಸ್ತೆ, ರಸ್ತೆ ನಡುವೆ ಕಟ್ಟೆ. ಕಟ್ಟೆ ಮೇಲೆ ನಿಂತ. ಈ ಕಡೆ ತಿರುಗಿ ಕೆಂಪಂದನ್ನ ನೋಡಿದ. ಆ ಕಡೆ ತಿರುಗಿ ಕರೀದನ್ನ ನೋಡಿದ. ಒಂದನ್ನ ಹೆಚ್ಚು ನೋಡಿ ಒಂದನ್ನ ಕಮ್ಮಿ ನೋಡಿದ್ರೆ ತಪ್ಪಲ್ವಾ? ಅದಕ್ಕೇ ಸಮ ಸಮ ನೋಡಿದ. ಬಿಸಿಲು ನೆತ್ತಿಗೆ ಬಂತು, ನೋಡಿದ. ಬಿಸಿಲು ಇಳೀತು, ನೋಡಿದ. ಶಟರ್ ಎಳೆದ್ರು, ಮನೆಗೆ ಬಂದ.

"ನೋಡಿದ್ಯಾ ಮಗ?"

"ನೋಡಿದೆ ಅವ್ವ! ಚೆನ್ನಾಗಿ ನೋಡಿದೆ!"

"ಮೈಲೇಜ್ ಎಷ್ಟಂತೆ?"

"ಅದು ಕಾಣಲಿಲ್ಲ."

"ಸೀಟು ಹೆಂಗಿದೆ? ಬ್ರೇಕು ಹೆಂಗಿದೆ? ಏನಂದ್ರು ಅಲ್ಲಿ?"

"ನಾನು ಒಳಗೇ ಹೋಗಲಿಲ್ಲವಲ್ಲವ್ವ. ನೋಡು ಅಂದೆ, ನೋಡಿದೆ."

ದೇವೀರಮ್ಮ ಹಣೆ ಚಚ್ಕೊಂಡ್ಳು. "ಅಯ್ಯೋ ನನ್ನ ಕರ್ಮವೇ! ಬರೀ ಕಣ್ಣಲ್ಲಿ ನೋಡಿದ್ರೆ ಗಾಡಿ ಗುಣ ಗೊತ್ತಾಗುತ್ತೇನ್ಲಾ? ಬಾಯಿ ಯಾಕೆ ಕೊಟ್ಟವ್ನೆ ದೇವ್ರು? ಬಾಯಿಬಿಟ್ಟು ಕೇಳಬೇಕು! ನಾಳೆ ಹೋಗು, ದಾರೀಲಿ ಎದುರಿಗೆ ಸಿಕ್ಕಿದೋರ್ನೆಲ್ಲ ಕೇಳು. ಕೆಂಪು ಒಳ್ಳೇದಾ, ಕರೀದು ಒಳ್ಳೇದಾ ಅಂತ. ಒಬ್ಬರನ್ನೂ ಬಿಡಬೇಡ!"

"ಹೂಂ ಅವ್ವ."

ಮಾರನೇ ದಿನ ಹೊರಟ. ಕುರಿ ಹೊಡ್ಕೊಂಡು ಬರ್ತಿದ್ದ ಮುದುಕನ್ನ ಕೇಳಿದ. ಸೊಪ್ಪು ಮಾರೋಳನ್ನ ಕೇಳಿದ. ಪೇಟೆ ಬಾಗಿಲಿಗೆ ಬಂದ್ರೆ ಎದುರಿಗೆ ತಮಟೆ ಸದ್ದು. ನೋಡ್ತಾನೆ, ಹೆಣ ಹೊತ್ಕೊಂಡು ಬರ್ತಿದಾರೆ! ಬೋರಲಿಂಗನಿಗೂ ಒಂದು ಕ್ಷಣ ಕಾಲು ಹಿಂದೆ ಹೋಯ್ತು. ಆದ್ರೆ ಒಬ್ಬರನ್ನೂ ಬಿಡಬೇಡ ಅಂದಿದಾಳಲ್ಲ ಅವ್ವ? ಸೀದಾ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟಿದ್ದೋನ ಪಕ್ಕ ನಡೀತಾ ಕೇಳಿದ.

"ಅಣ್ಣಾ, ಅಣ್ಣಾ! ಬಸ್‌ಸ್ಟ್ಯಾಂಡ್ ಹತ್ರ ಗಾಡಿ ಶೋರೂಮ್ ಎರಡು ಅವೆಯಲ್ಲ, ಕೆಂಪು ಒಳ್ಳೇದಾ, ಕರೀದು ಒಳ್ಳೇದಾ?"

ಬೇರೆ ಯಾವ ಮಾತು ಕೇಳಿದ್ರೂ ಒದೆ ಬೀಳ್ತಿತ್ತು. ಗಾಡಿ ಮಾತು ನೋಡಿ, ಗಂಡಸರು ಬಿಟ್ಟಾರಾ? ಅವನು ತಲೆ ತಗ್ಗಿಸ್ಕೊಂಡೇ ಪಿಸುಗುಟ್ಟಿದ. "ಕರೀದು ತಗೋ. ನನ್ನ ಭಾವಮೈದ ಇಟ್ಟವ್ನೆ. ಕಲ್ಲಿನಂಗೈತೆ."

ಆ ಕಡೆ ಹೆಗಲಿನೋನು ಸುಮ್ಮನಿರಬೇಕಲ್ಲ! "ಏನ್ ಹೇಳ್ತೀಯಯ್ಯ! ಮೈಲೇಜ್ ಅಂದ್ರೆ ಕೆಂಪಂದು. ಲೀಟರಿಗೆ ಐದು ಕಿಲೋಮೀಟರ್ ಜಾಸ್ತಿ!"

"ಮೈಲೇಜ್ ಕಟ್ಕೊಂಡು ಏನ್ಮಾಡ್ತೀಯ, ಇಬ್ಬರು ಕೂತ್ರೆ ಏರೀಲಿ ಕೆಮ್ಮುತ್ತೆ!" ಅಂದ ಹಿಂದಿನೋನು.

"ಯಾರಂದೋರು? ನಂದು ಕೆಂಪಂದೇ! ಮೂಟೆ ಹಾಕ್ಕೊಂಡು ಹೋಗ್ತೀನಿ!" ಅಂತ ತಮಟೆಯೋನು ತಮಟೆ ನಿಲ್ಲಿಸಿದ.

ಮಾತಿಗೆ ಮಾತು ಬೆಳೀತು. ಕೈ ಆಡಿಸದೆ ಹೆಂಗೆ ವಾದ ಮಾಡೋದು? ಚಟ್ಟಾನ ಹೊಂಗೆಮರದ ನೆರಳಲ್ಲಿ ಇಳಿಸಿದ್ರು. ಕೆಂಪಿನೋರು ಈ ಕಡೆ, ಕರೀಯೋರು ಆ ಕಡೆ. ಬೋರಲಿಂಗ ಯಾರು ಹೇಳಿದ್ರೂ ಹೂಂ, ಯಾರು ಹೇಳಿದ್ರೂ ಹೂಂ. ಕೊನೆಗೆ ಸತ್ತೋನ ತಮ್ಮ, ಬೆಂಕಿ ಮಡಕೆ ಹಿಡ್ಕೊಂಡು ಮುಂದೆ ಹೋಗಿದ್ದೋನು, ಹಿಂದೆ ಯಾರೂ ಇಲ್ಲ ಅಂತ ತಿರುಗಿ ಓಡಿ ಬಂದ. "ಥೂ ನಿಮ್ಮ ಜನ್ಮಕ್ಕೆ! ನಮ್ಮಣ್ಣನ್ನ ರಸ್ತೇಲಿ ಮಲಗಿಸಿ ಗಾಡಿ ವ್ಯಾಪಾರ ಮಾಡ್ತಿದ್ದೀರಾ! ಯಾರವನು ಶುರು ಮಾಡಿದ್ದು?" ಎಲ್ಲರ ಬೆರಳೂ ಒಂದೇ ಕಡೆ ತಿರುಗ್ತು. ಬೋರಲಿಂಗ ಬಿದ್ದಂಬೀಳ ಮನೆಗೆ ಓಡಿದ, ನಡೆದದ್ದೆಲ್ಲ ಅವ್ವನಿಗೆ ಹೇಳಿದ.

"ಸಾವಿನ ಮುಂದೆ ಹೋಗಿ ಗಾಡಿ ಕೇಳ್ತಾರೇನ್ಲಾ!" ದೇವೀರಮ್ಮ ಸೌಟು ಎತ್ಕೊಂಡ್ಳು. "ನಿನ್ನ ತಲೇಲಿರೋದು ಮಿದುಳೋ ಸಗಣಿಯೋ? ನಾನು ಸತ್ತ ದಿನಾನೂ ಹಿಂಗೇ ಮಾಡ್ತೀಯೇನೋ?"

ಬೋರಲಿಂಗನ ಮುಖ ಸಪ್ಪಗಾಯ್ತು. "ನೀನು ಸಾಯಬೇಡವ್ವ" ಅಂದ.

ಸೌಟು ಕೆಳಗಿಳೀತು. ಏನು ಮಾಡ್ತಾಳೆ, ಹೆತ್ತ ಹೊಟ್ಟೆ. ಅನ್ನ ಬಡಿಸ್ತಾ ಸಮಾಧಾನವಾಗಿ ಹೇಳಿದ್ಳು. "ಯಾರನ್ನೂ ಕೇಳಬೇಡ ಕಣ್ಲಾ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಾಳೆ ಭಾನುವಾರ, ಶೋರೂಮ್ ತೆಗೆದಿರುತ್ತೆ. ಟೆಸ್ಟಿಗೆ ಗಾಡಿ ಕೊಡ್ತಾರೆ, ನೀನೇ ಓಡಿಸಿ ನೋಡು. ಆದ್ರೆ ಒಬ್ಬನೇ ಹೋಗ್ತಿದ್ದೀನಿ ಅಂತ ರೊಯ್ಯಂತ ಹೋಗಬೇಡ. ಹಿಂದೆ ನಾನು ಕೂತಿದ್ದೀನಿ ಅಂದ್ಕೋ. ಹಂಗೇ ಓಡಿಸು."

"ಹೂಂ ಅವ್ವ."

ಕೆಂಪು ಶೋರೂಮಿಗೆ ಹೋದ. ಬೀಗದಕೈ ಕೊಟ್ರು. ಗಾಡಿ ಮೇಲೆ ಕೂತು, ಹಿಂದಕ್ಕೆ ತಿರುಗಿ, "ಹತ್ತವ್ವ" ಅಂದ. ಕಾದ. ಅವ್ವನ ಮಂಡಿ ಅಂದ್ರೆ ಸುಮ್ಮನೇನಾ? ಹಿಂದಿನ ಸೀಟು ಎತ್ತರ ಬೇರೆ. "ಮೆಲ್ಲಗೆ... ನನ್ನ ಹೆಗಲು ಹಿಡ್ಕೊ" ಅಂದ. ಇನ್ನಷ್ಟು ಕಾದ. ಆಮೇಲೆ ಇಳಿದು ಬೀಗದಕೈ ವಾಪಸ್ ಕೊಟ್ಟ.

"ಯಾಕಪ್ಪ, ಓಡಿಸಲೇ ಇಲ್ಲ?"

"ಹತ್ತೋಕಾಗಲಿಲ್ಲ ಸಾರ್."

"ಯಾರಿಗೆ?"

"ನಮ್ಮವ್ವನಿಗೆ."

ಶೋರೂಮಿನೋರು ಅವನ ಹಿಂದೆ ನೋಡಿದ್ರು. ಪಕ್ಕ ನೋಡಿದ್ರು. ಬಾಗಿಲ ಹೊರಗೂ ನೋಡಿದ್ರು.

ಎದುರು ಶೋರೂಮಿಗೆ ಹೋದ. ಅಲ್ಲಿ ಗಾಡಿ ತೋರಿಸೋನು ಜಯಶೀಲ ಅಂತ. ಅವನು ಕರೀ ಗಾಡಿ ಕೊಟ್ಟು, "ಹೋಗಿ ಬಾ ಬ್ರದರ್" ಅಂದ. ಉದ್ದ ಸೀಟು, ತಗ್ಗು ಸೀಟು. "ಹತ್ತವ್ವ" ಅಂದ ಬೋರಲಿಂಗ. ಅವ್ವ ಹತ್ತಿದ್ಳು! ಮೆಲ್ಲಗೆ ಹೊರಟ. ಗುಂಡಿ ಬಂದ್ರೆ "ಗಟ್ಟಿಯಾಗಿ ಹಿಡ್ಕೊ" ಅಂದ. ಹಂಪ್ ಬಂದ್ರೆ "ಮಂಡಿ ಜೋಪಾನ" ಅಂದ. ಅವ್ವ ಗಾಡಿ ಹತ್ತಿದ ಮೇಲೆ ಎಲ್ಲಿಗೆ ಹೋಗ್ತಾಳೆ? ಶಾಲೆಗೆ. ಸೀದಾ ಕಲ್ಲುಕೋಟೆಗೇ ಬಿಟ್ಟ. ಶಾಲೆ ಗೇಟಿಗೆ ಬೀಗ. ಇವನಿಗೇನು ಅದು? "ಇಳಿಯವ್ವ" ಅಂದ, ಇಳಿಸಿದ. ಸಂಜೆ ವಾಪಸ್ ಕರ್ಕೊಂಡು ಹೋಗಬೇಕಲ್ಲ ಅಂತ ಗೇಟಿನ ಮುಂದೆ ಕೂತ.

ಜಯಶೀಲ ಅರ್ಧ ಗಂಟೆ ನೋಡಿದ, ಒಂದು ಗಂಟೆ ನೋಡಿದ. ಗಾಡಿ ಇಲ್ಲ, ಆಸಾಮಿ ಇಲ್ಲ. ಊರೂರು ಹುಡುಕಿ ಸಾಯಂಕಾಲ ನಾಲ್ಕಕ್ಕೆ ಕಲ್ಲುಕೋಟೇಲಿ ಹಿಡಿದ.

"ಇಲ್ಲೇನ್ ಮಾಡ್ತಿದ್ದೀಯೋ ಮಹಾನುಭಾವ!"

"ಅವ್ವನ್ನ ಕಾಯ್ತಿದ್ದೀನಿ ಸಾರ್."

"ಬೀಗ ಹಾಕೈತಲ್ಲೋ! ಒಳಗೆ ಯಾರೂ ಇಲ್ಲವಲ್ಲೋ!"

"ಅದಕ್ಕೇ ಸಾರ್, ಎಷ್ಟು ಹೊತ್ತಾದ್ರೂ ಬರಲಿಲ್ಲ."

ಜಯಶೀಲ ಅವನನ್ನ ಮನೆವರೆಗೂ ತಂದು ದೇವೀರಮ್ಮನ ಮುಂದೆ ನಿಲ್ಲಿಸಿ ಹೋದ. ದೇವೀರಮ್ಮ ಶುರು ಮಾಡಿದ್ಳು ನೋಡಿ, "ಮಾನ ಕಳೆದ್ಯಲ್ಲೋ! ಎಮ್ಮೆ ಮಾರಿದ ಬದಲು ನಿನ್ನ ಮಾರಬೇಕಿತ್ತು!" ಅಂತ. ಬೈದು ಬೈದು ಸುಸ್ತಾಗಿ ಕೊನೆಗೆ ಕೇಳಿದ್ಳು. "ಹೋಗ್ಲಿ, ಯಾವುದು ಒಳ್ಳೇದು ಅನ್ನೋದಾದ್ರೂ ಗೊತ್ತಾಯ್ತಾ?"

"ಕರೀದು ಅವ್ವ."

"ಕೆಂಪಂದಕ್ಕೆ ಮೈಲೇಜ್ ಜಾಸ್ತಿ ಅಂತಾರಲ್ಲೋ."

"ಕೆಂಪಂದಕ್ಕೆ ಹತ್ತೋವಾಗ ನೀನು ಮೂರು ಸಲ ಅಯ್ಯೋ ಅಂದೆ. ಕರೀದಕ್ಕೆ ಒಂದು ಸಲಾನೂ ಅನ್ನಲಿಲ್ಲ."

ದೇವೀರಮ್ಮ ಸೆರಗಲ್ಲಿ ಮೂಗು ಒರೆಸ್ಕೊಂಡ್ಳು. ಆಮೇಲೆ, "ಕರೀದನ್ನೇ ತಾ" ಅಂದ್ಳು. "ಆದ್ರೆ ಇನ್ಮೇಲೆ ನನ್ನ ಮಾತು ಕೇಳಬೇಡ, ನನ್ನ ಮಾತು ಕೇಳಿಯೇ ನೀನು ಹಿಂಗಾಗಿರೋದು. ಶೋರೂಮಿನೋರು ತಿಳಿದೋರು. ಅವರು ಏನು ಹೇಳ್ತಾರೋ ಒಂದಕ್ಷರ ಬಿಡದೆ ಹಂಗೇ ಮಾಡು."

"ಹೂಂ ಅವ್ವ."

ಬುಧವಾರ ಗಾಡಿ ಬಂತು. ಹೂವಿನ ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು, ಎಲ್ಲಾ ಆಯ್ತು. ಜಯಶೀಲ ಬೀಗದಕೈ ಕೊಡ್ತಾ, ಪಾಪ, ಇವನಿಗೆ ಅರ್ಥ ಆಗ್ಲಿ ಅಂತ ಬಿಡಿಸಿ ಬಿಡಿಸಿ ಹೇಳಿದ. "ನೋಡು ಬ್ರದರ್, ಹೊಸ ಗಾಡಿ. ಮೊದಲ ಸರ್ವಿಸ್‌ವರೆಗೆ, ಅಂದ್ರೆ ಐನೂರು ಕಿಲೋಮೀಟರ್ ತನಕ, ಮೆತ್ತಗೆ ಹೋಗಬೇಕು. ಒಬ್ಬರೇ ಕೂರಬೇಕು. ಇಬ್ಬರು ಕೂರಲೇಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

ಗೊತ್ತಾಯ್ತಂತೆ!

ಗುರುವಾರ. ಆರೂವರೆಗೇ ಅವ್ವನ್ನ ಎಬ್ಬಿಸಿದ. "ಹೊರಡವ್ವ, ಹೊತ್ತಾಯ್ತು."

"ಗಾಡೀಲಿ ಕಾಲು ಗಂಟೆ ದಾರಿಗೆ ಇಷ್ಟು ಬೇಗ ಯಾಕ್ಲಾ?"

"ಮೆತ್ತಗೆ ಹೋಗಬೇಕು ಅಂದಿದಾರೆ."

ಮಗನಿಗೂ ಬುದ್ಧಿ ಬಂತು ಅಂದ್ಕೊಂಡ್ಳು ದೇವೀರಮ್ಮ. ಒಳ್ಳೇ ಸೀರೆ ಉಟ್ಟು, ಬುತ್ತಿ ಚೀಲ ತಗೊಂಡು ಬಂದ್ಳು. "ಹತ್ತವ್ವ" ಅಂದ. ಹತ್ತಿದ್ಳು. ನಿಜವಾಗ್ಲೂ ಒಂದು ಸಲಾನೂ ಅಯ್ಯೋ ಅನ್ನಲಿಲ್ಲ. ಬೋರಲಿಂಗ ಮುಂದೆ ಬಂದ, ಹ್ಯಾಂಡಲ್ ಹಿಡಿದ, ಸ್ಟ್ಯಾಂಡ್ ತೆಗೆದ, ತಳ್ಳೋಕೆ ಶುರು ಮಾಡಿದ.

ಬಾಗಿಲು ದಾಟ್ತು. ಬೀದಿ ದಾಟ್ತು. ಊರ ಮುಂದಿನ ಬಾವಿ ದಾಟ್ತು. ಈಗ ಹತ್ತಾನು, ಈಗ ಹತ್ತಾನು ಅಂತ ದೇವೀರಮ್ಮ ಕಾದಳು.

"ಲೇ, ಹತ್ತೋ! ಎಷ್ಟು ದೂರ ತಳ್ತೀಯಾ?"

"ಶಾಲೆ ತನಕ ಅವ್ವ."

"ಯಾಕ್ಲಾ? ಕೆಟ್ಟೋಯ್ತಾ?"

"ಹೊಸದು ಯಾಕೆ ಕೆಡುತ್ತೆ? ಒಬ್ಬರೇ ಕೂರಬೇಕು ಅಂದವ್ರೆ. ಇಬ್ಬರು ಕೂರಲೇಬಾರದಂತೆ."

"ಎಷ್ಟು ದಿನ?"

"ಐನೂರು ಕಿಲೋಮೀಟರ್. ಹೋಗ್ತಾ ಆರು, ಬರ್ತಾ ಆರು. ನಲವತ್ತೆರಡು ದಿನಕ್ಕೆ ಆಗೋಗುತ್ತೆ ಬಿಡು."

ದೇವೀರಮ್ಮನ ಬಾಯಿಗೆ ಅಷ್ಟೂ ಬೈಗುಳ ಒಟ್ಟಿಗೆ ಬಂತು. "ಅಯ್ಯೋ ಪೆದ್ದುಮುಂಡೇದೇ! ಒಬ್ಬರು ಅಂದ್ರೆ ಓಡಿಸೋನು ಕಣೋ! ಆ ಒಬ್ಬ ನೀನು ಕಣೋ!"

ಬೋರಲಿಂಗ ನಿಂತ. ಬೆವರು ಒರೆಸ್ಕೊಂಡು ಅವ್ವನ ಮುಖಾನೇ ನೋಡಿದ. ಅವನಿಗೆ ಈ ಮಾತು ಮಾತ್ರ ಏನು ಮಾಡಿದ್ರೂ ಅರ್ಥ ಆಗಲಿಲ್ಲ.

"ನನಗೆ ಮಂಡಿ ನೋವಿಲ್ಲವಲ್ಲವ್ವ" ಅಂದ.

ಬೈಗುಳ ಬಾಯಲ್ಲೇ ಉಳೀತು. ದೇವೀರಮ್ಮನ ಕಣ್ಣು ತುಂಬ್ಕೊಂಡ್ತು. ಗಂಡ ಸತ್ತ ಮೇಲೆ ನಿನ್ನ ಕಾಲು ಹೆಂಗಿದೆ ಅಂತ ಕೇಳಿದೋರು ಇರಲಿಲ್ಲ ಅವಳಿಗೆ. ಬುತ್ತಿ ಚೀಲ ತೊಡೆ ಮೇಲೆ ಇಟ್ಕೊಂಡು ನೆಟ್ಟಗೆ ಕೂತ್ಳು. "ಹೂಂ, ನಡಿ ಮಗ" ಅಂದ್ಳು.

ಒಂಬತ್ತಕ್ಕೆಲ್ಲ ಶಾಲೆ ಗೇಟು. ಒಂಬತ್ತೂಕಾಲಿಗೆ ಒಲೆ ಹತ್ತಿತ್ತು. ದೊಡ್ಡ ಮೇಡಂ ಬಂದು ನೋಡ್ತಾರೆ, ಹಾಲು ಉಕ್ಕು ಬಂದಿದೆ! "ಇನ್ನೇನು ಯೋಚನೆ ಇಲ್ಲ ಬಿಡಿ ದೇವೀರಮ್ಮ, ಗಾಡಿ ಬಂತಲ್ಲ" ಅಂದ್ರು. ಗೇಟಿನ ಹತ್ರ ಬೋರಲಿಂಗ ನಲ್ಲಿಗೆ ಬಾಯಿ ಕೊಟ್ಟು ನೀರು ಕುಡೀತಾನೇ ಇದ್ದ. ಕೆಲಸಕ್ಕೆ ಅವತ್ತು ರಜಾ ಹಾಕಿದ್ದ.

ಸಂಜೆ ಹೊರಡೋ ಹೊತ್ತಿಗೆ ದೇವೀರಮ್ಮನಿಗೆ ಮಗನ ಮುಖ ನೋಡೋಕಾಗಲಿಲ್ಲ. ಬಿಸಿಲಿಗೆ ಕೆಂಪಗಾಗಿದ್ದ. ಗಾಡಿ ಹತ್ತಿ ಕೂತು ಬೇಡ್ಕೊಂಡ್ಳು. "ನನ್ನಪ್ಪ, ಸಾಕು ಕಣೋ ತಳ್ಳಿದ್ದು. ಎಷ್ಟು ದುಡ್ಡು ಕೊಟ್ಟು ತಂದಿದ್ದೀವಿ, ಎಂಜಿನ್ ಐತಲ್ಲೋ ಅದಕ್ಕೆ! ಸ್ಟಾರ್ಟ್ ಮಾಡೋ!"

"ಹೂಂ ಅವ್ವ!" ಅಂದ ಬೋರಲಿಂಗ. ಅವ್ವ ಹೇಳಿದ ಮೇಲೆ ಮುಗೀತು. ಕೀ ತಿರುಗಿಸಿದ, ಸ್ಟಾರ್ಟ್ ಮಾಡಿದ. ಎಂಜಿನ್ನು ಗುರ್ ಅಂತು. ಲೈಟು ಹತ್ತಿತು. ಬೋರಲಿಂಗ ಮುಂದೆ ಬಂದ, ಹ್ಯಾಂಡಲ್ ಹಿಡಿದ, ತಳ್ಳೋಕೆ ಶುರು ಮಾಡಿದ.

ಆರು ಕಿಲೋಮೀಟರ್! ಎಂಜಿನ್ ಗುರ್ ಗುರ್ ಅಂತ ಅದರ ಪಾಡಿಗೆ ಅದು, ಬೋರಲಿಂಗ ಉಸ್ ಉಸ್ ಅಂತ ಅವನ ಪಾಡಿಗೆ ಅವನು. ಮಾರಗೊಂಡನಹಳ್ಳಿಗೆ ಹೊಸ ಗಾಡಿ ಸದ್ದು ಕೇಳಿ ಜನ ಎಲ್ಲಾ ಜಗಲಿಗೆ ಬಂದ್ರು. ಬಂದು ನೋಡಿ ಹೊಟ್ಟೆ ಹಿಡ್ಕೊಂಡ್ರು. ಗಾಡಿ ಮೇಲೆ ಕೂತಿದ್ದ ದೇವೀರಮ್ಮನೂ ನಗ್ತಿದ್ಳು, ಸೆರಗು ಬಾಯಿಗಿಟ್ಕೊಂಡು, ಕಣ್ಣಲ್ಲಿ ನೀರು ಇಳಿಸ್ಕೊಂಡು ನಗ್ತಿದ್ಳು.

ಹಾಂ, ಇಲ್ಲಿ. ಈಗ ನಗಿ.