ಪಾತ್ರೆ ಖಾಲಿ ಕೊಡದ ಎಣ್ಣೆದೊರೆ

ಒಂದಾನೊಂದು ಊರಿನಲ್ಲಿ ಮಾಚಕ್ಕ ಎಂಬ ಹೆಂಗಸಿದ್ದಳು. ಅವಳ ತವರು ದೂರದ ಬೆಟ್ಟದ ಮೇಲೆ. ಮದುವೆಯಾಗಿ ಬಂದ ಮೇಲೆ ಅವಳು ಅತ್ತ ಹೋಗಿದ್ದೇ ಇಲ್ಲ. ಆದರೂ ಕೊರಗಲಿಲ್ಲ. ಊರ ಹೊಳೆ ಹುಟ್ಟುವುದು ಅದೇ ಬೆಟ್ಟದಲ್ಲಿ. ಯಾರ ಹಸು ಈಯಿತು, ಯಾರ ಮನೆಯ ಜಗಳ ಮುಗಿಯಿತು, ಎಲ್ಲವನ್ನೂ ಹೊಳೆ ದಿನಾ ಬೆಳಿಗ್ಗೆ ಸೋಪಾನದ ಮೇಲೆ ಕೂತು ಹೇಳಿ ಮುಂದಕ್ಕೆ ಹೋಗುತ್ತಿತ್ತು. ಮಾಚಕ್ಕ ತನ್ನ ಬಾತುಕೋಳಿಗಳನ್ನು ನೀರಿಗೆ ಬಿಟ್ಟು ಕೇಳುತ್ತಿದ್ದಳು. ಅಷ್ಟು ಸಾಕಾಗಿತ್ತು ಅವಳಿಗೆ.

ಆ ಊರಿಗೆ ಒಬ್ಬ ದೊರೆ. ನೆಲದಡಿಯ ಕಪ್ಪೆಣ್ಣೆಯನ್ನು ದೊಡ್ಡ ದೊಡ್ಡ ಹಂಡೆಗಳಲ್ಲಿ ಕಾಯಿಸಿ, ದೀಪದೆಣ್ಣೆ, ಗಾಡಿಯೆಣ್ಣೆ ಬೇರೆ ಮಾಡುವ ಕಾರ್ಖಾನೆ ಅವನದು. ದೊರೆ ಕೆಟ್ಟವನಲ್ಲ. ಅವನಿಗೆ ಇದ್ದದ್ದು ಒಂದೇ ಗೀಳು. ನೆರೆಮನೆಯಿಂದ ಪಾತ್ರೆ ಬಂದರೆ ಅದನ್ನು ಖಾಲಿ ಕೊಡಬಾರದು, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಅಂತ ನಮ್ಮಲ್ಲಿ ರೂಢಿಯುಂಟಲ್ಲ, ದೊರೆಗೆ ಅದೇ ಹುಚ್ಚು. ಸೂಜಿ ಎರವಲು ತಂದರೆ ಅದರ ಕಣ್ಣಿಗೆ ಸಾಸಿವೆ ಸಿಕ್ಕಿಸಿ ಕೊಡುತ್ತಿದ್ದ. ಛತ್ರಿ ತಂದರೆ ಪಾಯಸ ತುಂಬಿ ಕಳಿಸುತ್ತಿದ್ದ.

ಕಾದ ಹಂಡೆ ತಣಿಸಲು ಹೊಳೆಯಿಂದ ನೀರು ತರುತ್ತಿದ್ದರು. ಸಂಜೆ ಅದನ್ನು ವಾಪಸು ಕೊಡಬೇಕು. ಬರೀ ನೀರು ಕೊಡುವುದುಂಟೆ? ದೊರೆ ಎಣ್ಣೆ ಬೆರೆಸಿ ಕೊಟ್ಟ. ಆಕಾಶದಿಂದ ಗಾಳಿ ತಂದ, ಹೊಗೆ ತುಂಬಿ ಕೊಟ್ಟ. ಆಕಾಶದ ಮನೆಯಲ್ಲಿ ಕತ್ತಲು, ಪಾಪ, ಅಂತ ಚಿಮಣಿಯ ತುದಿಯಲ್ಲಿ ಬೆಂಕಿಯನ್ನೂ ಹಚ್ಚಿಟ್ಟ. ಆಕಾಶ ಮರ್ಯಾದಸ್ಥ. ಮೆಲ್ಲಗೆ ಕೆಮ್ಮಿತು, ಅಷ್ಟೆ.

ಹೊಳೆಗೆ ಜಿಡ್ಡು ಹಿಡಿಯಿತು. ನೀರಿಗಿಳಿದ ಬಾತುಕೋಳಿಗಳು ನಿಲ್ಲಲಾರದೆ ಜಾರಿ ಪಕ್ಕದ ಊರಿಗೆ ಹೋಗುತ್ತಿದ್ದವು. ಮಾಚಕ್ಕ ದಿನಾ ಹೋಗಿ ಕರೆತರುತ್ತಿದ್ದಳು. ತವರಿನ ಸುದ್ದಿಗಳೂ ಒಂದಕ್ಕೊಂದು ಅಂಟಿಕೊಂಡವು. ಹಸು ಜಗಳವನ್ನು ಈಯಿತು, ಕರು ಕೋರ್ಟಿಗೆ ಹೋಯಿತು ಎಂಬಂತೆ ಕೇಳಿಸತೊಡಗಿತು.

ಒಂದು ಬೆಳಿಗ್ಗೆ ನೋಡಿದರೆ ಹೊಳೆ ತನ್ನ ಮರಳನ್ನೆಲ್ಲ ಗಂಟು ಕಟ್ಟುತ್ತಿತ್ತು.

"ಎತ್ತ ಹೊರಟೆ ತಂಗಿ?"

"ತವರಿಗೆ ಅಕ್ಕ. ಎಷ್ಟು ತೊಳೆದರೂ ಮೈ ಜಿಡ್ಡು. ನಾನು ಬೆಟ್ಟ ಹತ್ತುವವಳೇ."

 ಹೊಳೆ ಹೋದರೆ ಮಾಚಕ್ಕನಿಗೆ ತವರೂ ಹೋದಂತೆಯೇ. ಅವಳು ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಊಟದ ಹೊತ್ತಿನ ತನಕ ತಡಿ ಎಂದು ಬೇಡಿಕೊಂಡಳು. ಹೊಳೆ ಗಂಟಿನ ಮೇಲೆ ಮುಖ ಊದಿಸಿ ಕೂತಿತು.

ಮಾಚಕ್ಕ ಅರಮನೆಗೆ ಓಡಿದಳು. ದೊರೆಗೆ ಬಲು ಖುಷಿ. ಇಷ್ಟು ಎಣ್ಣೆ ಕೊಟ್ಟರೂ ಒಬ್ಬರಾದರೂ ಒಳ್ಳೆ ಮಾತಾಡಲಿಲ್ಲ, ನೀನಾದರೂ ಬಂದೆಯಲ್ಲ ಎಂದ. ಮಾಚಕ್ಕ ಮೊದಲು ತನ್ನ ಛತ್ರಿಯಲ್ಲಿ ಬಂದಿದ್ದ ಪಾಯಸಕ್ಕೆ ಕೈಮುಗಿದಳು, ಆಮೇಲೆ ಹೊಳೆ ಹೊರಟ ಸಂಗತಿ ಹೇಳಿದಳು. ದೊರೆಯ ಕಣ್ಣಲ್ಲಿ ನೀರು ಬಂತು. ಎಣ್ಣೆ ಕಡಿಮೆಯಾಯಿತೇನೋ, ತುಪ್ಪ ಹಾಕಲೆ ಎಂದು ಕೇಳಿದ. ಏನೂ ಬೇಡ, ಬರೀ ನೀರೇ ಕೊಡಿ ಎಂದಳು ಮಾಚಕ್ಕ.

"ಖಾಲಿ ಕೊಟ್ಟರೆ ನನ್ನ ಮರ್ಯಾದೆ ಏನಾಗಬೇಕು ಮಾಚಕ್ಕ?"

ಕಿಟಕಿಯಲ್ಲಿ ಇಣುಕಿದ ಚಿಮಣಿ, ಹೊಳೆ ಹೋದರೆ ಹೋಗಲಿ, ತರುವುದೂ ಇಲ್ಲ ಕೊಡುವುದೂ ಇಲ್ಲ ಎಂದು ಗೊಣಗಿತು. ದೊರೆಗೆ ಇನ್ನೂ ಅಳು. ತರಲು ನೆರೆಯೇ ಇಲ್ಲದಿದ್ದರೆ ಕೊಡುವುದು ಯಾರಿಗೆ?

ಮಾಚಕ್ಕ ಕಂಬಕ್ಕೊರಗಿ ಯೋಚಿಸಿದಳು.

"ಖಾಲಿ ಕೊಡಬಾರದು, ಒಪ್ಪಿದೆ ಬುದ್ಧಿ. ಕೊಡದೇ ಇದ್ದರೆ? ತಂದ ನೀರನ್ನು ತಣಿಸಿ, ಸೋಸಿ, ನಾಳೆಯೂ ಅದನ್ನೇ ಬಳಸಿ. ನಾಡಿದ್ದೂ ಅದನ್ನೇ. ಕೊಟ್ಟರೆ ತಾನೆ ತುಂಬಿ ಕೊಡಬೇಕು?"

"ಕೊಡದೆ ಇಟ್ಟುಕೊಂಡರೆ ಕಳ್ಳತನವಲ್ಲವೆ?"

"ದಿನಾ ಬೆಳಿಗ್ಗೆ ಹೊಳೆಗೆ ಬಂದು ನಿನ್ನ ನೀರು ನನ್ನಲ್ಲಿದೆ ತಾಯಿ, ಉಪಕಾರವಾಯಿತು ಅಂತ ಕೈಮುಗಿಯಿರಿ. ಯಾವ ಕಳ್ಳ ಹಾಗೆ ಮಾಡುತ್ತಾನೆ?"

ದೊರೆ ಊರ ಕಳ್ಳರನ್ನೆಲ್ಲ ಕರೆಸಿ ವಿಚಾರಿಸಿದ. ಅಂಥ ಅಭ್ಯಾಸ ನಮ್ಮಲ್ಲಿಲ್ಲ ಎಂದರು ಅವರು. ಅಲ್ಲಿಗೆ ಇತ್ಯರ್ಥವಾಯಿತು.

ಅಂದಿನಿಂದ ನೀರು ಕಾರ್ಖಾನೆಯೊಳಗೇ ಸುತ್ತತೊಡಗಿತು. ತಲೆ ತಿರುಗದಿರಲೆಂದು ಆಗಾಗ ಹಿಂದುಮುಂದಾಗಿಯೂ ಸುತ್ತಿಸಿದರು. ಅದರ ಮೇಲೆ ತೇಲಿದ ಎಣ್ಣೆಯನ್ನು ಕೆನೆಯಂತೆ ತೆಗೆದು ಮತ್ತೆ ಹಂಡೆಗೆ ಸುರಿದರು. ಬೆಂಕಿ ಇರಲೆ ಎಂದು ಆಕಾಶವನ್ನು ಕೇಳಿದಾಗ ಅದು ಸಂಕೋಚದಿಂದ, ನಮ್ಮನೆಯಲ್ಲಿ ಚಂದ್ರ ಇದ್ದಾನೆ ಎಂದಿತು. ಚಿಮಣಿಯ ತುದಿಯ ಬೆಂಕಿ ಏಣಿ ಇಳಿದು ಬಂದು ಹಂಡೆಯ ಕೆಳಗೆ ಕೂತಿತು. ಅಷ್ಟು ಸೌದೆ ಉಳಿಯಿತು. ಹೊಗೆ ಪೂರ್ತಿ ನಿಲ್ಲಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಚಿಮಣಿ ಬಾಯಿಗೆ ಬಟ್ಟೆ ಅಡ್ಡ ಹಿಡಿದು ಕೆಮ್ಮುವುದನ್ನು ಕಲಿಯಿತು.

ದೊರೆ ಬೆಳಿಗ್ಗೆ ಬೆಳಿಗ್ಗೆ ಹೊಳೆಗೆ ಬಂದು ಉಪಕಾರ ನೆನೆಯತೊಡಗಿದ. ಎಷ್ಟು ಉದ್ದ ನೆನೆಯುತ್ತಿದ್ದನೆಂದರೆ ಮೀನುಗಳು ಆಕಳಿಸುತ್ತಿದ್ದವು. ಹೊಳೆಯ ಜಿಡ್ಡು ನಿಧಾನಕ್ಕೆ ಬಿಟ್ಟಿತು. ಗಂಟಿನ ಮರಳನ್ನು ಅದು ಒಂದೊಂದೇ ಹಿಡಿ ಬಿಚ್ಚಿ ಹಾಸಿತು.

ಒಂದು ದಿನ ದೊರೆಯ ಮಾತು ಮುಗಿಯುವುದನ್ನೇ ಕಾದು ಹೊಳೆ ಮಾಚಕ್ಕನ ಹತ್ತಿರ ಸರಿಯಿತು. ಸುದ್ದಿ ಈಗ ತಿಳಿಯಾಗಿ ಕೇಳಿಸಿತು.

"ಅಕ್ಕ, ಹುಡುಗಿಯಾಗಿದ್ದಾಗ ನೀನು ಅಂಗಳದಲ್ಲಿ ನೆಟ್ಟ ದಾಸವಾಳ ಈಗ ಸೂರಿಗಿಂತ ಎತ್ತರ. ನಿನ್ನನ್ನು ನೋಡದ ಮಕ್ಕಳೂ ಆ ಗಿಡವನ್ನು ಮಾಚಕ್ಕ ಅಂತಲೇ ಕರೆಯುತ್ತವೆ."

ಮಾಚಕ್ಕ ಸುಮ್ಮನೆ ಕೈಮುಗಿದಳು. ದೊರೆಯದಕ್ಕಿಂತ ಬಹಳ ಚಿಕ್ಕ ಉಪಕಾರಸ್ಮರಣೆ ಅದು. ಸಮುದ್ರಕ್ಕೆ ಹೊತ್ತಾಗಿದ್ದರೂ ಹೊಳೆ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡಿತು.

ನೀತಿ ಏನೆಂದರೆ, ದಿನಾ ಬಂದು ಕೈಮುಗಿಯುವವನು ಕಳ್ಳನಲ್ಲ, ಕೊರೆಯುವವನು. ಕೂರಲು ಮಣೆ ಕೊಡಿ. ಕತೆ ಹರಿದು ಕಡಲು ಸೇರಿತು. ಕೇಳಿದ ನಿಮ್ಮ ಹೊಟ್ಟೆ ತಣ್ಣಗಿರಲಿ.