ಗಡಿಯಾಚೆ ಇಳಿಸುವ ಬುಟ್ಟಿ

"ಗುರುಗಳೇ, ದನಗಳ ರೋಗ ಹೊಳೆಯಾಚೆಯ ಊರುಗಳಲ್ಲಿದೆ, ನಮ್ಮ ಕಡೆಗೆ ಬಂದಿಲ್ಲ ಎಂದು ಪತ್ರಿಕೆಯಲ್ಲಿ ಓದಿದೆ. ಓದಿ ಮನಸ್ಸಿಗೆ ಹಾಯೆನಿಸಿತು. ಹಾಗೆ ಅನಿಸಿದ್ದು ತಪ್ಪೇ?"

ಕೇಳಿದವನು ಮರುಳಪ್ಪ. ನಲವತ್ತು ದಾಟಿದ ಮೇಲೆ ಮಠಕ್ಕೆ ಬಂದು ಶಿಷ್ಯನಾದವನು. ಸಂಸಾರ ಬಿಟ್ಟರೂ ಊರಿನಲ್ಲಿ ತಂಗಿ ಸಾಕಿಕೊಂಡಿರುವ ಹಸುವಿನ ಚಿಂತೆ ಅವನನ್ನು ಬಿಟ್ಟಿರಲಿಲ್ಲ. ಆ ದಿನ ಸುದ್ದಿ ಓದಿದ ಮೇಲೆ ಊಟಕ್ಕೆ ಕೂತು ಒಂದು ಮುದ್ದೆ ಹೆಚ್ಚಿಗೆ ಉಂಡಿದ್ದ. ಕೈ ತೊಳೆಯುವಾಗ ಏಕೋ ನಾಚಿಕೆಯಾಗಿತ್ತು. ಗುರುಗಳು ಅವನ ಹೊಟ್ಟೆಯ ಕಡೆ ಒಮ್ಮೆ ನೋಡಿ ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಒಂದೇ ಹಸು. ಹೆಂಡತಿಗೆ ತವರಿನವರು ಕೊಟ್ಟದ್ದು, ತುಂಬು ಗಬ್ಬವಾಗಿತ್ತು. ಆ ವರ್ಷ ಊರಿಗೆ ಕಾಲುಬಾಯಿ ರೋಗ ಬಂತು. ದನಗಳ ಬಾಯಿ ಹುಣ್ಣಾಯಿತು, ಗೊರಸು ಬಿರಿಯಿತು. ರೈತನ ಹಸುವೂ ಮೇವು ಬಿಟ್ಟು ಮಲಗಿತು.

ಆ ಊರಿನಲ್ಲಿ ಒಂದು ವಾಡಿಕೆ. ದನಗಳಿಗೆ ರೋಗ ಬಂದರೆ ಹೊಸ ಬುಟ್ಟಿಗೆ ಬೇವಿನ ಸೊಪ್ಪು ಹಾಸುವರು. ರೋಗ ಹೊಕ್ಕ ಪ್ರತಿ ಮನೆಯಿಂದ ದನದ ಕೊರಳ ಹಗ್ಗದ ಒಂದೊಂದು ತುಂಡು ತಂದು ಅದರಲ್ಲಿಡುವರು. ಮೇಲೆ ಮೊಸರನ್ನದ ಎಡೆ. ಒಬ್ಬನು ಆ ಬುಟ್ಟಿ ಹೊತ್ತು, ಗಡಿಕಲ್ಲು ದಾಟಿ, ಪಕ್ಕದೂರಿನ ನೆಲದಲ್ಲಿ ಇಳಿಸಿ, ತಿರುಗಿ ನೋಡದೆ ಬರಬೇಕು. ರೋಗ ಬುಟ್ಟಿಯ ಜೊತೆ ಅಲ್ಲೇ ಉಳಿಯುತ್ತದೆ ಎಂದು ನಂಬಿಕೆ.

"ರೋಗ ಬುಟ್ಟಿ ಹತ್ತಿ ಹೋಗುತ್ತದೆಯೇ ಎಂದು ನನ್ನನ್ನು ಕೇಳಬೇಡ, ಮರುಳಪ್ಪ," ಎಂದರು ಗುರುಗಳು. "ರೈತ ನಂಬಿದ್ದ. ಕತೆಗೆ ಅಷ್ಟು ಸಾಕು."

ಆ ಸಲ ಬುಟ್ಟಿ ಹೊರುವ ಸರದಿ ಅವನದಾಯಿತು. ರೈತ ಹಿಗ್ಗಿದ. ತನ್ನ ಹಸುವನ್ನು ಕೈಯಾರೆ ಉಳಿಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ತಿರುಗಿ ನೋಡಬೇಡ ಎಂದು ಹಿರಿಯರು ಒತ್ತಿ ಒತ್ತಿ ಹೇಳಿದರು. ಮುಂದೆ ನೋಡಿದರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ಗಡಿಕಲ್ಲು ದಾಟಿದ. ಎದುರಿಗೆ ಒಂದು ಹುಣಸೆಮರ. ಅದರ ಕೆಳಗೆ ಒಬ್ಬ ಮುದುಕಿ ನಿಂತು ತನ್ನ ಹಸುವಿನ ಕಿವಿಯನ್ನು ತಡವಿ ತಡವಿ ಉಣ್ಣಿ ಕೀಳುತ್ತಿದ್ದಳು. ಪಕ್ಕದಲ್ಲಿ ಎಳೆಗರು. ಮುದುಕಿಗೆ ಕಣ್ಣು ಮಂಜು. ಯಾರೋ ತಲೆಯ ಮೇಲೆ ಹೊರೆ ಹೊತ್ತು ಬಂದಿದ್ದಾರೆ ಎಂದಷ್ಟೇ ಕಂಡಿತು.

"ಈ ಬಿಸ್ಲಲ್ಲಿ ಎಷ್ಟು ದೂರದಿಂದ ಹೊತ್ಕೊಂಡ್ ಬಂದ್ಯೋ ಮಗ. ಇಲ್ಲಿ ನೆರಳೈತೆ. ಭಾರ ಇಳಿಸಿ ವಸಿ ಕೂತ್ಕೊ," ಎಂದಳು.

ಇಳಿಸು ಎಂದು ಆ ನೆಲದವಳೇ ಹೇಳುತ್ತಿದ್ದಾಳೆ. ಇಳಿಸಿದರೆ ತನ್ನ ಹಸು ಎದ್ದು ನಿಲ್ಲುತ್ತದೆ. ಕೈ ಬುಟ್ಟಿಯ ಅಂಚಿಗೆ ಹೋಯಿತು. ಅಷ್ಟರಲ್ಲಿ ಕರು ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯತೊಡಗಿತು. ಅವನು ನೋಡುತ್ತ ನಿಂತ. ಕೈ ಕೆಳಗೆ ಬರಲಿಲ್ಲ.

"ಬ್ಯಾಡ ಕಣವ್ವ. ಇದು ನಮ್ಮೂರಿಂದು. ನಮ್ಮೂರಿಗೇ ಹೋಗ್ಬೇಕು."

"ಹಂಗಾದ್ರೆ ದಾರಿ ತಪ್ಪಿ ಈ ಕಡೀಕೆ ಬಂದ್ಯಾ?"

"ಊಂ ಕಣವ್ವ," ಎಂದು ರೈತ ಬಂದ ದಾರಿಗೆ ಮರಳಿದ.

ದಾರಿಯುದ್ದಕ್ಕೂ ಅತ್ತ. ಯಾರದೋ ಹಸುವಿಗಾಗಿ ಮನೆಯ ಹಸುವಿಗೆ ದ್ರೋಹ ಮಾಡಿದೆನಲ್ಲ ಎಂದು ಅತ್ತ. ಬುಟ್ಟಿ ವಾಪಸು ಬಂದದ್ದನ್ನು ಕಂಡು ಊರಿನವರು ಬಾಯಿಗೆ ಬಂದಂತೆ ಬೈದರು. ಹತ್ತಿರ ಮಾತ್ರ ಯಾರೂ ಬರಲಿಲ್ಲ. ಎಲ್ಲರ ಮನೆಯ ರೋಗವೂ ನನ್ನಲ್ಲೇ ಇರಲಿ ಎಂದುಕೊಂಡು ಅವನು ಬುಟ್ಟಿಯನ್ನು ತನ್ನ ಕೊಟ್ಟಿಗೆಯೊಳಗೆ, ಮಲಗಿದ್ದ ಹಸುವಿನ ಪಕ್ಕದಲ್ಲೇ ಇಳಿಸಿದ.

ಹೆಂಡತಿ ಬಂದು ನಿಂತಳು. ಅವನು ನಡೆದದ್ದೆಲ್ಲ ಹೇಳಿ ತಲೆ ತಗ್ಗಿಸಿದ. ಹಸು ಅವಳ ತವರಿನದು. ಅವಳು ಏನಂದರೂ ಕೇಳಿಸಿಕೊಳ್ಳಲು ಸಿದ್ಧನಿದ್ದ. ಅವಳು ಹಸುವಿನ ಪಕ್ಕ ಕೂತು ಅದರ ಕೊರಳು ಸವರಿದಳು.

"ಆ ಕರ ಎಷ್ಟು ದಿನದ್ದು?" ಎಂದು ಕೇಳಿದಳು.

"ಹದಿನೈದು ದಿನದ್ದಿರಬೌದು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು. ಗಂಡ ಬಿಸಿ ಉಪ್ಪುನೀರಿನಲ್ಲಿ ಗೊರಸು ತೊಳೆದು ಬೇವು ಅರಿಶಿನ ಅರೆದು ಹಚ್ಚಿದ. ಹೆಂಡತಿ ರಾಗಿ ಅಂಬಲಿಯನ್ನು ಬೊಗಸೆಯಲ್ಲಿ ಹಿಡಿದು, ಹುಣ್ಣಾದ ನಾಲಿಗೆ ನೋಯದ ಹಾಗೆ, ಗುಟುಕು ಗುಟುಕಾಗಿ ಕುಡಿಸಿದಳು. ಹೀಗೆ ಎಷ್ಟೋ ದಿನ ಇಬ್ಬರೂ ಕೊಟ್ಟಿಗೆ ಬಿಟ್ಟು ಕದಲಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುಂದೆ ಹೇಳುತ್ತಾರೆಂದು ಮರುಳಪ್ಪ ಕಾದ. ಅವನಿಗೆ ತಡೆಯಲಾಗಲಿಲ್ಲ.

"ಕೊನೆಗೆ ಹಸು ಉಳಿಯಿತೇ, ಗುರುಗಳೇ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

"ಯಾವ ಹಸು, ಮರುಳಪ್ಪ?"